ಉಪ್ಪು ನೋಡದೆ ಮಾಡಿದ ಮೊಟ್ಟೆ ಸಾರು

ಕಟಕ್ ದಾಟಿ ಪೂರ್ವಕ್ಕೆ ಹೊರಟರೆ ನೆಲ ಚಪ್ಪಟೆಯಾಗುತ್ತಲೇ ಹೋಗುತ್ತದೆ. ಮಹಾನದಿ, ಬ್ರಾಹ್ಮಣಿ, ವೈತರಣಿ ಮೂರೂ ಸಮುದ್ರ ಸೇರುವ ಮುನ್ನ ತಂದು ಹರಡಿದ ಮೆಕ್ಕಲು ಮಣ್ಣಿನ ಸೀಮೆ ಅದು. ತೀರ್ಥಹಳ್ಳಿ ಕಡೆಯ ಗುಡ್ಡಗಳ ನಡುವೆ ಹುಟ್ಟಿ ಬೆಳೆದ ನನ್ನ ಕಣ್ಣು ಬಸ್ಸಿನ ಕಿಟಕಿಯಾಚೆ ಎಲ್ಲಾದರೂ ಒಂದು ಏರು, ಒಂದು ದಿಬ್ಬ ಕಂಡೀತೇ ಎಂದು ಹುಡುಕುತ್ತಿತ್ತು. ಕಾಣಲಿಲ್ಲ. ಎತ್ತರ ಅಂತ ಇದ್ದದ್ದು ಮನೆಗಳ ಜಗಲಿ ಮಾತ್ರ. ನೆರೆಯ ನೀರು ಒಳಗೆ ನುಗ್ಗದಿರಲಿ ಎಂದು ಮಣ್ಣು ಪೇರಿಸಿ, ಎತ್ತರದ ಅಡಿಪಾಯ ಹಾಕಿ ಕಟ್ಟಿದ ಮನೆಗಳು. ಕಾರ್ತಿಕ ಮುಗಿಯುತ್ತಾ ಬಂದಿತ್ತು. ಭತ್ತ ಹೊಂಬಣ್ಣಕ್ಕೆ ತಿರುಗಿತ್ತು. ತಗ್ಗು ಗದ್ದೆಗಳಲ್ಲಿ ಮಾತ್ರ ಮಳೆಗಾಲದ ನೀರು ಇನ್ನೂ ಇಂಗದೆ ನಿಂತಿತ್ತು, ಅದರ ತುಂಬ ನೈದಿಲೆ. ಮನೆ ಮನೆಗೂ ಒಂದು ಕೊಳ, ಕೊಳದ ಏರಿಯ ಮೇಲೆ ತೆಂಗು, ಬಾಳೆ, ಬಿದಿರುಮೆಳೆ. ಇದೆಲ್ಲ ನೋಡಿ ನಮ್ಮ ಕರಾವಳಿಗೇ ಬಂದೆನೇನೋ ಅನಿಸಿತು. ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಆ ಭಾವನೆ ಉಳಿಯಲಿಲ್ಲ. ತೆಂಗಿನೆಣ್ಣೆಯ ಕಂಪು ಇರಬೇಕಾದ ಜಾಗದಲ್ಲಿ ಸಾಸಿವೆ ಎಣ್ಣೆಯ ಘಾಟಿತ್ತು.

ನಾನು ಹೋದದ್ದು ಕೇಂದ್ರಾಪಡಾ ಜಿಲ್ಲೆಯ ಪಟ್ಟಾಮುಂಡೈ ಹತ್ತಿರದ ಒಂದು ಹಳ್ಳಿಗೆ. ಬೆಂಗಳೂರಿನ ನಮ್ಮ ಮನೆಯಲ್ಲಿ ನಲ್ಲಿ ಸೋರಿದರೂ, ಟ್ಯಾಂಕು ಕೈಕೊಟ್ಟರೂ ಬರುವ ಪ್ಲಂಬರ್ ಹುಡುಗನ ಊರು ಅದು. ದೇಶದ ಯಾವ ದೊಡ್ಡ ನಗರಕ್ಕೆ ಹೋದರೂ ಪೈಪು ಕೂರಿಸುವ ಕೆಲಸದಲ್ಲಿ ಕೇಂದ್ರಾಪಡಾದವರು ಸಿಗುತ್ತಾರೆ. ಪಟ್ಟಾಮುಂಡೈಯಲ್ಲಿ ಆ ಕೆಲಸ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ನೆರೆ ಬಂದು ಬೆಳೆ ಕೊಚ್ಚಿಕೊಂಡು ಹೋಗುವ ಸೀಮೆಯಲ್ಲಿ ಹೊಲ ಒಂದನ್ನೇ ನಂಬಿ ಕೂರಲಾಗದೆ ಗಂಡಸರು ಊರು ಬಿಡುತ್ತಾ ಬಂದರು. ನೀರಿನಿಂದ ಓಡಿದವರು ಊರೂರಿನ ಮಹಡಿ ಮನೆಗಳಿಗೆ ನೀರು ಹತ್ತಿಸುವವರಾದರು. ಈ ಹುಡುಗ ನನ್ನನ್ನು ಅಕ್ಕ ಅನ್ನುತ್ತಾನೆ. ಬೆಂಗಳೂರಿನ ಕನ್ನಡ ಅವನ ಬಾಯಲ್ಲಿ ಚೆನ್ನಾಗಿಯೇ ಪಳಗಿದೆ. ಒಂದು ದಿನ ಸಿಂಕಿನ ಕೆಳಗೆ ಕೈ ಹಾಕಿಕೊಂಡೇ, ‘ಕಾರ್ತಿಕದಲ್ಲಿ ನಮ್ಮೂರಿಗೆ ಬನ್ನಿ ಅಕ್ಕ, ನಾನೂ ರಜೆ ಹಾಕಿ ಹೋಗ್ತೀನಿ. ಬೋಉ ಕೈಯಲ್ಲಿ ಅಂಡಾ ಬೆಸರ ಮಾಡಿಸ್ತೀನಿ’ ಅಂದ. ಬೋಉ ಎಂದರೆ ಅವನ ತಾಯಿ. ಅಂಡಾ ಬೆಸರ, ಅರೆದ ಸಾಸಿವೆಯಲ್ಲಿ ಮಾಡುವ ಮೊಟ್ಟೆ ಸಾರು.

ಹೋಗಿ ಬಂದು ತಿಂಗಳುಗಳೇ ಕಳೆದವು. ಆ ಸಾರು ಬೆಂದ ಮಧ್ಯಾಹ್ನ ಮಾತ್ರ ಮನಸ್ಸಿನಲ್ಲಿ ಬಂದು ಕೂತದ್ದು ಎದ್ದು ಹೋಗಲೊಲ್ಲದು.

ನಾನು ಹೋದ ದಿನ ಆ ಮನೆಯಲ್ಲಿ ಮೊಟ್ಟೆಯ ಮಾತೇ ಇರಲಿಲ್ಲ. ಒಡಿಶಾದಲ್ಲಿ ಕಾರ್ತಿಕವೆಂದರೆ ವ್ರತದ ತಿಂಗಳು. ತಿಂಗಳಿಡೀ ಆಗದವರೂ ಕಡೆಯ ಐದು ದಿನ, ಏಕಾದಶಿಯಿಂದ ಹುಣ್ಣಿಮೆಯವರೆಗೆ, ಮೀನು ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಅನೇಕರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಪಂಚುಕ ಎನ್ನುವ ಈ ಐದು ದಿನ ಕೊಕ್ಕರೆ ಕೂಡ ಮೀನು ಹಿಡಿಯುವುದಿಲ್ಲ ಎಂಬುದು ಅಲ್ಲಿಯ ಮಾತು. ಮೀನಿಲ್ಲದೆ ತುತ್ತು ಇಳಿಯದ ಸೀಮೆ ತಾನೇ ಹಾಕಿಕೊಂಡ ಕಟ್ಟು ಇದು. ಮನೆಯ ಹಿಂದಿನ ಕೊಳದಲ್ಲಿ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿರುತ್ತಿತ್ತು. ಮನೆಯ ಚಿಕ್ಕ ಹುಡುಗಿ ದಿನಾ ಬೆಳಿಗ್ಗೆ ಅದನ್ನು ಕಾದು ನೋಡಿ, ಅದು ಇನ್ನೂ ಏನೂ ತಿಂದಿಲ್ಲ ಎಂದು ಒಳಗೆ ಬಂದು ವರದಿ ಒಪ್ಪಿಸುತ್ತಿದ್ದಳು.

ನಮ್ಮ ಪಂಚಾಂಗದಲ್ಲಿ ಕಾರ್ತಿಕ ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿ ಹುಣ್ಣಿಮೆಗೇ. ನಮ್ಮಲ್ಲಿ ದೀಪೋತ್ಸವಗಳ ಸಾಲು ಇನ್ನೂ ನಡೆಯುತ್ತಿರುವಾಗ ಅವರು ಮಾರ್ಗಶಿರಕ್ಕೆ ಕಾಲಿಟ್ಟಿರುತ್ತಾರೆ. ಹಾಗಾಗಿ ನಾನು ನೋಡಿದ್ದು ತಿಂಗಳ ಕಟ್ಟಕಡೆಯ ಗಡಿಬಿಡಿ. ನಸುಕಿಗೇ ಹೆಂಗಸರೆಲ್ಲ ಕೊಳದಲ್ಲಿ ಮುಳುಗೆದ್ದು ತುಳಸಿಕಟ್ಟೆಯ ಮುಂದೆ ಮುರುಜದ ಪುಡಿಯಲ್ಲಿ ರಂಗೋಲಿ ಹಾಕುತ್ತಿದ್ದರು. ಬಿಳಿ, ಕಪ್ಪು, ಹಳದಿ, ಕೆಂಪು, ಹಸಿರು. ನಾವು ಚುಕ್ಕಿಯಿಟ್ಟು ಎಳೆ ಎಳೆಯುವ ಕಡೆ ಅವರು ಬೆರಳ ತುದಿಯಿಂದ ಪುಡಿ ಉದುರಿಸಿ ಮನೆಮನೆಯಾಗಿ ತುಂಬುತ್ತಿದ್ದರು. ಸಂಜೆ ಎತ್ತರದ ಬಿದಿರ ಗಳುವಿನ ತುದಿಗೆ ಆಕಾಶದೀಪ ಏರುತ್ತಿತ್ತು. ನಡುವೆ ಒಂದು ಮಧ್ಯಾಹ್ನ ಕೇಂದ್ರಾಪಡಾದ ಬಲದೇವನ ಗುಡಿಗೆ ಹೋಗಿ, ಅಲ್ಲಿಯ ಹೆಸರಾಂತ ರಸಾಬಳಿಯನ್ನು ತಿಂದು ಬಂದೆವು. ಛೆನ್ನದ ಬಿಲ್ಲೆಗಳನ್ನು ಕೆಂಪಗೆ ಕರಿದು, ಕುದಿಸಿ ಇಳಿಸಿದ ಹಾಲಿನಲ್ಲಿ ನೆನೆಸಿಟ್ಟ ಸಿಹಿ ಅದು.

ಆ ಮನೆಯ ಹಿರಿಯರಾದ ಹುಡುಗನ ತಾಯಿಯನ್ನು ನಾನು ಮಾಉಸಿ ಎಂದು ಕರೆದೆ. ತಾಯಿಯ ತಂಗಿಗೆ ಅನ್ನುವ ಹಾಗೆ. ಬಿಳಿ ಸೀರೆ, ಬರಿಗೈ, ಬೆನ್ನು ಸ್ವಲ್ಪ ಬಾಗಿದೆ. ಅವರು ತಿಂಗಳಿಡೀ ಹಬಿಷ ಹಿಡಿದಿದ್ದರು. ದಿನಕ್ಕೆ ಒಂದೇ ಊಟ. ಬೆಳ್ತಿಗೆ ಅಕ್ಕಿ, ಹೆಸರುಬೇಳೆ, ಬಾಳೆಕಾಯಿ, ಕೆಸುವಿನ ಗೆಡ್ಡೆ, ಹುಳಿಗೆ ಓಉ ಎಂಬ ಕಾಯಿಯ ಹೋಳು, ಮೇಲೆ ತುಪ್ಪ. ಒಂದೇ ಪಾತ್ರೆಯಲ್ಲಿ ಬೆಂದ ಆ ಊಟದ ರುಚಿ ನೋಡಲು ನನಗೂ ಒಂದು ತುತ್ತು ಕೊಟ್ಟರು. ಮಸಾಲೆಯಿಲ್ಲದ ಅಡುಗೆಯಲ್ಲಿ ಕೆಸುವಿಗೆ ತನ್ನದೇ ರುಚಿ ಇದೆಯೆಂದು ನಾಲಿಗೆಗೆ ಗೊತ್ತಾಯಿತು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತ ಬಂದದ್ದೂ ಕಾರ್ತಿಕದಲ್ಲೇ. ಒಡಿಶಾದ ಕರಾವಳಿಯಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತ ಆ ದಿನಗಳಲ್ಲೂ ಮಾಉಸಿ ಹಬಿಷ ಬಿಡಲಿಲ್ಲವಂತೆ. ‘ಇದ್ದದ್ದೇ ಒಂದು ಹಿಡಿ ಅಕ್ಕಿ, ಒಂದೇ ಊಟ ಮಾಡೋದು ಕಷ್ಟವಾಗಲಿಲ್ಲ’ ಎಂದರು. ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿ ತಲೆ ತಗ್ಗಿಸಿದ.

ವ್ರತದ ಆ ದಿನಗಳಲ್ಲಿ ನನ್ನ ಕಣ್ಣು ಹೋಗುತ್ತಿದ್ದದ್ದು ಕೊಟ್ಟಿಗೆಯ ಮೂಲೆಗೆ. ಮನೆಯಲ್ಲಿ ಬಾತುಕೋಳಿಗಳಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಲಾಗಿ ಕೊಳಕ್ಕಿಳಿದು, ನೀರು ನಿಂತ ಗದ್ದೆಯಲ್ಲೆಲ್ಲ ತಿರುಗಿ, ಕತ್ತಲಾಗುವಾಗ ತಾವೇ ಗೂಡಿಗೆ ಬರುತ್ತಿದ್ದವು. ಅವಕ್ಕೆ ಕಾರ್ತಿಕವೂ ಇಲ್ಲ, ಪಂಚುಕವೂ ಇಲ್ಲ. ದಿನಾ ಇಡುತ್ತಿದ್ದ ಮೊಟ್ಟೆಗಳನ್ನು ಸೊಸೆ ಆರಿಸಿ ತಂದು ಭತ್ತದ ಹೊಟ್ಟು ತುಂಬಿದ ಗಡಿಗೆಯಲ್ಲಿ ಇಡುತ್ತಿದ್ದಳು. ಗಡಿಗೆ ಅಡುಗೆಮನೆಯೊಳಗೆ ಬರುವಂತಿರಲಿಲ್ಲ. ಮಕ್ಕಳು ಹೋಗಿ ಹೊಟ್ಟು ಸರಿಸಿ ಎಣಿಸಿ ಬರುತ್ತಿದ್ದರು. ಕೋಳಿ ಮೊಟ್ಟೆಗಿಂತ ದೊಡ್ಡದಾದ, ತಿಳಿ ನೀಲಿ ಛಾಯೆಯ, ಮುಟ್ಟಿದರೆ ಮೇಣ ಸವರಿದಂತಿದ್ದ ಮೊಟ್ಟೆಗಳು. ಹುಣ್ಣಿಮೆ ಹತ್ತಿರವಾದಂತೆ ಗಡಿಗೆ ತುಂಬುತ್ತಾ ಬಂತು.

ಹುಣ್ಣಿಮೆಯ ನಸುಕಿನಲ್ಲಿ ಊರೆಲ್ಲ ನದಿಯ ದಂಡೆಯಲ್ಲಿತ್ತು. ಬೋಇತ ಬಂದಾಣದ ದಿನ ಅದು. ಕಳಿಂಗದ ವ್ಯಾಪಾರಿಗಳು ಹಾಯಿಹಡಗು ಹತ್ತಿ ಬಾಲಿ, ಜಾವಾ, ಸುಮಾತ್ರಾ, ಸಿಂಹಳಕ್ಕೆ ಹೊರಡುತ್ತಿದ್ದ ಕಾಲದ ನೆನಪು. ಹೊರಟವರ ಹೆಂಡತಿ, ತಾಯಿ, ತಂಗಿ ದಂಡೆಯಲ್ಲಿ ನಿಂತು ಹಡಗಿಗೆ ಆರತಿ ಎತ್ತುತ್ತಿದ್ದರು. ಈಗ ಬಾಳೆದಿಂಡಿನ, ಕಾಗದದ ಪುಟ್ಟ ದೋಣಿಗಳಲ್ಲಿ ಹಣತೆ, ವೀಳ್ಯದೆಲೆ, ಅಡಿಕೆ, ನಾಣ್ಯ ಇಟ್ಟು ನೀರಿಗೆ ಬಿಡುತ್ತಾರೆ. ಮಂಜು ಕವಿದ ನೀರಿನ ಮೇಲೆ ದೀಪಗಳು ಒಂದಕ್ಕೊಂದು ತಾಗುತ್ತಾ ಹೊರಟವು. ಸುತ್ತ ನಿಂತಿದ್ದ ಹೆಂಗಸರಲ್ಲಿ ಎಷ್ಟೋ ಜನರ ಗಂಡಂದಿರು, ಮಕ್ಕಳು ಸೂರತ್ತಿನಲ್ಲೋ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇದ್ದರು. ಹಡಗು ನಿಂತು ರೈಲು ಬಂದಿದೆ. ಮನೆಯವರನ್ನು ಕಳಿಸಿಕೊಟ್ಟು ದಂಡೆಯಲ್ಲಿ ನಿಲ್ಲುವ ಹೆಂಗಸರು ಇನ್ನೂ ಇದ್ದಾರೆ. ಆ ಹಬ್ಬಕ್ಕೆ ಇವತ್ತಿಗೂ ಜೀವವಿರುವುದು ಇದರಿಂದಲೇ ಎಂದು ನನಗನಿಸಿತು.

ಮರುದಿನ ಛಾಡಖಾಇ. ತಿಂಗಳ ಕಟ್ಟು ಬಿಚ್ಚುವ ದಿನ. ಬೆಳಿಗ್ಗೆಯೇ ಸಂತೆಯ ಕಡೆಗೆ ಜನವೋ ಜನ. ಕುರಿಮಾಂಸ, ಕೋಳಿ, ಮೀನು, ಸೀಗಡಿ ಯಾವುದರ ಮುಂದೆ ನೋಡಿದರೂ ಸಾಲು. ನಮ್ಮಲ್ಲಿ ಯುಗಾದಿಯ ಮರುದಿನ ಹೊಸತೊಡಕಿಗೆ ಕಾಣುವ ಸಡಗರ ಅಲ್ಲಿ ಅವತ್ತು ಕಂಡಿತು. ಈ ಮನೆಯಲ್ಲಿ ಯಾರೂ ಸಂತೆಗೆ ಹೋಗಲಿಲ್ಲ. ಗಡಿಗೆ ಕೊಟ್ಟಿಗೆಯಿಂದ ಹಿತ್ತಿಲ ಒಲೆಯ ಹತ್ತಿರಕ್ಕೆ ಬಂತು. ಒಳಗೆ ಗ್ಯಾಸ್ ಒಲೆ ಇತ್ತು. ಮೊಟ್ಟೆಗೆ ಮಾತ್ರ ಹೊರಗಿನ ಮಣ್ಣಿನ ಒಲೆ.

ಮಾಉಸಿ ಹಿಂದಿನ ರಾತ್ರಿಯೇ ಸಾಸಿವೆ ನೆನೆಹಾಕಿದ್ದರು. ಕಪ್ಪು ಸಾಸಿವೆಯೊಂದೇ ಆದರೆ ಕಹಿ ಏರುತ್ತದೆಂದು ಹಳದಿ ಸಾಸಿವೆಯನ್ನೂ ಬೆರೆಸಿದ್ದರು. ಅರೆಯುವ ಕಲ್ಲು ನಮ್ಮ ಒರಳಿನಂತೆ ಗುಂಡಿಯಿರುವುದಲ್ಲ, ಚಪ್ಪಟೆ ಹಾಸುಗಲ್ಲು. ಮೈತುಂಬ ಉಳಿಯಿಂದ ಹಾಕಿದ ಕಚ್ಚುಗಳು. ಮೊದಲು ಉಪ್ಪು ಮತ್ತು ಒಣಮೆಣಸಿನಕಾಯಿ ಅರೆದರು. ಆಮೇಲೆ ಬೆಳ್ಳುಳ್ಳಿ, ಒಂದು ಚಿಟಿಕೆ ಜೀರಿಗೆ. ಸಾಸಿವೆ ಎಲ್ಲಕ್ಕಿಂತ ಕೊನೆಗೆ. ಕುಕ್ಕರುಗಾಲಲ್ಲಿ ಕೂತು ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳುವಾಗ ಇಡೀ ಮೈ ಮುಂದಕ್ಕೆ ಹೋಗುತ್ತಿತ್ತು, ಎಳೆದುಕೊಳ್ಳುವಾಗ ಬೆರಳುಗಳು ಅಂಚಿಗೆ ಸರಿದದ್ದನ್ನು ನಡುವಿಗೆ ಬಳಿದು ತರುತ್ತಿದ್ದವು. ನೀರನ್ನು ಚಿಮುಕಿಸಿದರೇ ಹೊರತು ಸುರಿಯಲಿಲ್ಲ. ನಾಲ್ಕಾರು ಸಲ ಕಲ್ಲು ಆಡಿದ ಮೇಲೆ ಘಾಟು ಎದ್ದಿತು. ಮೂಗಿನ ಬೇರಿಗೇ ಹತ್ತಿ ಕಣ್ಣಲ್ಲಿ ನೀರು ತರಿಸಿತು. ಇನ್ನೂ ನುಣ್ಣಗಾಗಲಿ ಎಂದು ನಾನು ಕಾಯುತ್ತಿದ್ದರೆ ಮಾಉಸಿ ಅಲ್ಲಿಗೇ ಕೈ ನಿಲ್ಲಿಸಿದರು. ಸಾಸಿವೆಯನ್ನು ಹೆಚ್ಚು ಅರೆದು ಹಿಂಸೆ ಮಾಡಿದರೆ ಅದು ಕಹಿಯಾಗಿ ಸೇಡು ತೀರಿಸಿಕೊಳ್ಳುತ್ತದೆ ಎಂದರು.

ಬೇಯಿಸಿ ಸುಲಿದ ಮೊಟ್ಟೆಗಳ ಮೈಗೆ ಸೊಸೆ ಚಾಕುವಿನ ತುದಿಯಿಂದ ಉದ್ದಕ್ಕೆ ಸಣ್ಣ ಗೀರು ಹಾಕಿ, ಅರಿಸಿನ ಉಪ್ಪು ಸವರಿದಳು. ಗೀರಿಲ್ಲದ ಮೊಟ್ಟೆ ಎಣ್ಣೆಯಲ್ಲಿ ಸಿಡಿಯುತ್ತದೆ, ಸಾರಿನ ರುಚಿಯೂ ಒಳಗೆ ಇಳಿಯುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಿತು. ಎಣ್ಣೆಯ ಹಸಿ ಘಾಟು ಆ ಹೊಗೆಯಲ್ಲಿ ಹೋಗುತ್ತದೆ. ಮೊಟ್ಟೆಗಳು ಎಣ್ಣೆಯಲ್ಲಿ ಹೊರಳಿ ಮೈಮೇಲೆ ಸಣ್ಣ ಸಣ್ಣ ಬೊಬ್ಬೆ ಎದ್ದು ಹೊಂಬಣ್ಣಕ್ಕೆ ಬಂದವು. ಅವನ್ನು ತೆಗೆದಿಟ್ಟು ಅದೇ ಎಣ್ಣೆಯಲ್ಲಿ ಆಲೂಗಡ್ಡೆಯ ದೊಡ್ಡ ಹೋಳು. ಆಮೇಲೆ ಒಗ್ಗರಣೆಗೆ ಜೀರಿಗೆ, ಸಾಸಿವೆ, ಮೆಂತ್ಯ, ಸೋಂಪು, ಕಲೊಂಜಿ ಕೂಡಿದ ಪಾಂಚ ಫುಟಣ. ಅದು ಚಟಗುಟ್ಟುತ್ತಲೇ ಟೊಮೆಟೊ, ಅರಿಸಿನ, ಆಲೂಗಡ್ಡೆ ಮತ್ತು ಬೇಯಲು ಬೇಕಾದಷ್ಟು ನೀರು.

ಅರೆದ ಸಾಸಿವೆಯನ್ನು ಮಾಉಸಿ ಅಷ್ಟು ಹೊತ್ತಿಗೆ ಬಟ್ಟಲಲ್ಲಿ ನೀರು ಹಾಕಿ ಕದಡಿ ಇಟ್ಟಿದ್ದರು. ಸಿಪ್ಪೆಯ ತರಿ ತಳಕ್ಕೆ ಇಳಿದಿತ್ತು. ಮೇಲಿನ ಹಳದಿ ನೀರನ್ನು ಮಾತ್ರ ಬಾಗಿಸಿ ಬಾಣಲೆಗೆ ಹೊಯ್ದು, ಒಲೆಯಿಂದ ಒಂದು ಕೊಳ್ಳಿ ಹಿಂದಕ್ಕೆಳೆದರು. ನಂತರ ಅವರು ಮಾತಾಡಲಿಲ್ಲ. ಬಾಣಲೆಯ ಅಂಚನ್ನೇ ನೋಡುತ್ತಾ ಕೂತರು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಮೊಟ್ಟೆಗಳನ್ನು ಇಳಿಬಿಟ್ಟರು. ನೆನೆಸಿಟ್ಟ ಆಂಬುಲವನ್ನು, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಮಾವಿನಕಾಯಿ ಹೋಳನ್ನು, ನೀರಿನ ಸಮೇತ ಸೇರಿಸಿದರು. ಸೀಳಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಮೇಲೆ ಒಂದು ಚಮಚ ಹಸಿ ಸಾಸಿವೆ ಎಣ್ಣೆ. ಕುದಿ ಜೋರಾಗುವ ಮುನ್ನ ಬಾಣಲೆ ಕೆಳಗಿಳಿಯಿತು.

ಆ ತಾಳ್ಮೆಯ ಹಿಂದಿನ ಕಾರಣವನ್ನು ವಿಜ್ಞಾನವೂ ಹೇಳುತ್ತದೆ. ಇಡೀ ಸಾಸಿವೆ ಕಾಳಿಗೆ ವಾಸನೆಯಿಲ್ಲ. ಕಪ್ಪು ಸಾಸಿವೆಯೊಳಗೆ ಸಿನಿಗ್ರಿನ್ ಎಂಬ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಶಗಳಲ್ಲಿ ಇರುತ್ತವೆ. ಕಾಳು ಒಡೆದು ನೀರು ತಾಗಿದಾಗ ಎರಡೂ ಕೂಡುತ್ತವೆ, ಘಾಟು ಹುಟ್ಟುತ್ತದೆ. ಬಿಸಿ ಹೆಚ್ಚಾದರೆ ಕಿಣ್ವ ಸಾಯುತ್ತದೆ, ಹುಟ್ಟಿದ ಘಾಟು ಹಾರಿಹೋಗುತ್ತದೆ, ಹಿಂದೆ ಉಳಿಯುವುದು ಕಹಿ. ಹುಳಿ ಮೊದಲೇ ಬಿದ್ದರೆ ಘಾಟು ಹುಟ್ಟುವುದಕ್ಕೇ ಅಡ್ಡಿ. ಹುಟ್ಟಿದ ಮೇಲೆ ಬಿದ್ದರೆ ಅದನ್ನು ಹಿಡಿದಿಡುತ್ತದೆ. ಆಂಬುಲ ಕೊನೆಗೆ ಬಂದದ್ದು ಇದಕ್ಕೇ. ನಮ್ಮ ಒಗ್ಗರಣೆಯಲ್ಲಿ ಕಾಳು ಇಡಿಯಾಗಿಯೇ ಕಾದ ಎಣ್ಣೆಗೆ ಬಿದ್ದು ಸಿಡಿಯುವುದರಿಂದ ಘಾಟು ಹುಟ್ಟುವ ಮೊದಲೇ ಕಿಣ್ವ ಸತ್ತಿರುತ್ತದೆ. ನಾವು ದಿನಾ ತಿನ್ನುವುದು ಸಾಸಿವೆಯ ಹುರಿದ ರುಚಿಯನ್ನಷ್ಟೇ.

ಹಾಗೆಂದು ಅರೆದ ಸಾಸಿವೆ ನಮಗೆ ತೀರ ಹೊಸದೂ ಅಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಾವಿನಹಣ್ಣಿನ ಸಾಸಿವೆ, ಬೆಂಡೆಕಾಯಿ ಸಾಸಿವೆ ಮಾಡುತ್ತೇವೆ. ಕಾಯಿತುರಿಯ ಜೊತೆ ಹಸಿ ಸಾಸಿವೆ ಅರೆದು ಬೆರೆಸುತ್ತೇವೆ, ಕುದಿಸುವುದಿಲ್ಲ. ನನ್ನಮ್ಮ ಇದನ್ನು ಮಾಡುವಾಗ ಸಾಸಿವೆಯನ್ನು ಕಡೆಗೆ ಹಾಕಿ ಎರಡೇ ಸುತ್ತು ತಿರುಗಿಸಿ ತೆಗೆಯುತ್ತಿದ್ದಳು. ಮಾಉಸಿಯ ಕೈ ಅಲ್ಲಿಗೇ ನಿಂತಾಗ ನನಗೆ ಅಮ್ಮನ ಕೈ ಕಂಡಿತು. ನಾವು ಕಾಯಿಯ ನೆರಳಿನಲ್ಲಿ ಒಂದು ಚಿಟಿಕೆ ಇಟ್ಟು ಮುಗಿಸುತ್ತೇವೆ. ಅವರು ಅದರ ಪೂರ್ತಿ ಖದರನ್ನು ಮೈಮೇಲೆ ಹಾಕಿಕೊಂಡು, ಬೆಂಕಿಯ ಮೇಲಿಟ್ಟೂ ಕಹಿಯಾಗದಂತೆ ಪಾರುಮಾಡುತ್ತಾರೆ. ಧೈರ್ಯದ ಅಡುಗೆ ಅದು.

ಬಾಣಲೆ ಇಳಿದ ಕೂಡಲೇ ನಾನು ಸೌಟಿನಲ್ಲಿ ಒಂದು ಹನಿ ಸಾರು ತೆಗೆದು ಮಾಉಸಿಯ ಕಡೆ ಹಿಡಿದೆ. ನಮ್ಮ ಕಡೆ ಅಡುಗೆ ಮಾಡಿದವರು ಅಂಗೈಗೆ ಹನಿ ಬಿಟ್ಟುಕೊಂಡು ಉಪ್ಪು ನೋಡುವುದು ರೂಢಿಯಲ್ಲವೇ? ಮಾಉಸಿ ನಕ್ಕು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಸೊಸೆ ಹಿಂದಿಯಲ್ಲಿ ಮೆಲ್ಲಗೆ, ‘ಬೋಉ ಮೊಟ್ಟೆ ತಿನ್ನಲ್ಲ. ಮಾವ ಹೋದ ಮೇಲೆ ಮೀನು, ಮೊಟ್ಟೆ ಯಾವುದನ್ನೂ ಮುಟ್ಟಿಲ್ಲ’ ಎಂದಳು.

ಆ ಸೀಮೆಯ ಹಲವು ಮನೆಗಳಲ್ಲಿ ಗಂಡ ಸತ್ತ ಮೇಲೆ ಹೆಂಗಸರು ಇವನ್ನೆಲ್ಲ ಬಿಡುವುದು ಹಳೆಯ ಕಟ್ಟಳೆ. ಮಗ ಆಗಿನ್ನೂ ಶಾಲೆಗೆ ಹೋಗುತ್ತಿದ್ದನಂತೆ. ಅಂದರೆ ಅಷ್ಟೂ ವರ್ಷ ಮಾಉಸಿ ಈ ಸಾರನ್ನು ನಾಲಿಗೆಗೆ ತಾಗಿಸದೆಯೇ ಮಾಡುತ್ತಾ ಬಂದಿದ್ದಾರೆ. ಉಪ್ಪನ್ನು ಅಂಗೈಯ ಗುಳಿ ಅಳೆಯುತ್ತದೆ. ಸಾಸಿವೆಯ ಹದ ಮೂಗಿಗೆ ಗೊತ್ತು. ಕಹಿ ಬಂತೋ ಇಲ್ಲವೋ ಎಂಬುದು ಅಂಚಿನ ಗುಳ್ಳೆ ನೋಡಿದರೆ ತಿಳಿಯುತ್ತದೆ.

ಊಟಕ್ಕೆ ನಾವೆಲ್ಲ ಸಾಲಾಗಿ ಕೂತೆವು. ಬಿಸಿ ಅನ್ನದ ಮೇಲೆ ಹಳದಿ ಸಾರು, ಪಕ್ಕದಲ್ಲಿ ಒಂದು ಮೊಟ್ಟೆ. ಮೊದಲ ತುತ್ತಿಗೆ ಘಾಟು ಮೂಗಿನ ತುದಿಗೆ ಬಂದು, ಕಣ್ಣು ಒದ್ದೆ ಮಾಡಿ, ಮರುಕ್ಷಣ ಇಳಿಯಿತು. ಹಿಂದೆಯೇ ಆಂಬುಲದ ಒಗರು ಹುಳಿ. ಬಾತುಮೊಟ್ಟೆಯ ಹಳದಿ ಗಟ್ಟಿ ಮತ್ತು ಜಿಡ್ಡು. ಕಲಸಿದಾಗ ಅದು ಸಾರಿನ ಖಾರವನ್ನು ತನ್ನೊಳಗೆ ಎಳೆದುಕೊಂಡು ಬಾಯಿಗೆ ಮೆತ್ತಗಾಗಿಸಿ ಕೊಡುತ್ತಿತ್ತು. ತೆಂಗಿನಕಾಯಿಯ ಮೊಟ್ಟೆ ಸಾರು ತಿಂದು ಬೆಳೆದ ನನಗೆ ಸಾರು ಇಷ್ಟು ತೆಳ್ಳಗಿದ್ದೂ ಇಷ್ಟು ತುಂಬಿಕೊಂಡಿರಬಹುದು ಎಂಬುದು ಗೊತ್ತಿರಲಿಲ್ಲ. ಬಾಗಿಲ ಬಳಿ ಕೂತು ಮಾಉಸಿ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ನನ್ನನ್ನು ಕೇಳಿದ್ದು ಒಂದೇ ಮಾತು: ‘ಕಹಿಯಾಯಿತಾ?’

‘ಇಲ್ಲ ಮಾಉಸಿ, ಒಂದಿಷ್ಟೂ ಇಲ್ಲ.’

ಅವರ ಮುಖ ಅರಳಿತು. ನಮ್ಮ ಊಟ ಮುಗಿದ ಮೇಲೆ ಕೊಳಕ್ಕೆ ಹೋಗಿ ಇನ್ನೊಮ್ಮೆ ಮುಳುಗಿ ಬಂದು, ಒಳಗಿನ ಒಲೆಯಲ್ಲಿ ತಮಗೊಬ್ಬರಿಗೆ ಬಾಳೆಕಾಯಿ, ಬದನೆಕಾಯಿ ಹಾಕಿ ಬೆಳ್ಳುಳ್ಳಿಯಿಲ್ಲದ ಬೆಸರ ಮಾಡಿಕೊಂಡರು. ಪುರಿಯ ಜಗನ್ನಾಥನ ನೈವೇದ್ಯದಲ್ಲೂ ಅಂಥ ಬೆಸರ ಇರುತ್ತದೆ. ದೇವರಿಗೆ ಸಲ್ಲುವ ಅಡುಗೆ ಅದು, ಕೀಳೇನಲ್ಲ. ಆದರೂ ಸಂಭ್ರಮ ಹಂಚಿಕೊಂಡ ಮನೆಯಲ್ಲಿ ಒಂದು ತಟ್ಟೆ ಬೇರೆ ಇತ್ತು.

ನನ್ನಜ್ಜಿಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಹೂವು, ಕುಂಕುಮ, ಬಳೆ ಎಲ್ಲ ಹೋದವು. ಮದುವೆ ಮನೆಯಲ್ಲಿ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ಆದರೆ ಹೊಳೆಮೀನಿನ ಸಾರು ಮಾಡಿದ ದಿನ ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು, ಮುಳ್ಳು ಬಿಡಿಸಿ, ಬೆರಳು ಚೀಪಿ ಉಣ್ಣುತ್ತಿದ್ದಳು. ಹಣೆ ಬರಿದಾಗಿತ್ತು, ತಟ್ಟೆ ಬರಿದಾಗಿರಲಿಲ್ಲ. ನಮ್ಮ ನಾಡಿನಲ್ಲೇ ಬೇರೆ ಮನೆಗಳಲ್ಲಿ ಮಡಿಯ ಹೆಸರಲ್ಲಿ ತಲೆಗೂದಲನ್ನೂ ಈರುಳ್ಳಿಯನ್ನೂ ಕಿತ್ತುಕೊಂಡದ್ದಿದೆ. ಎಲ್ಲಿ ಏನನ್ನು ಕಿತ್ತುಕೊಳ್ಳಬೇಕು ಎಂಬುದರಲ್ಲಷ್ಟೇ ವ್ಯತ್ಯಾಸ. ಆದ್ದರಿಂದ ಒಡಿಶಾದ ಕಡೆಗೆ ಬೆರಳು ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ.

ಸಂಜೆ ಕೊಳದ ಮೆಟ್ಟಿಲ ಮೇಲೆ ಪಾತ್ರೆ ತಿಕ್ಕುತ್ತಾ ಸೊಸೆ ಇನ್ನೊಂದು ಮಾತು ಹೇಳಿದಳು. ‘ಮದುವೆಯಾಗಿ ಬಂದ ಹೊಸದರಲ್ಲಿ ಬೋಉಗೆ ಬಡಿಸಲು ಹೋಗಿದ್ದೆ. ಊರು ಏನನ್ನುತ್ತದೆ ಅಂದರು. ನನಗೆ ಬೇಡ ಅನ್ನಲಿಲ್ಲ.’

ನಾನು ಹೊರಟದ್ದು ಮಾರ್ಗಶಿರದ ಮೊದಲ ಗುರುವಾರ. ಅದು ಲಕ್ಷ್ಮಿಯ ದಿನ. ಅಕ್ಕಿಹಿಟ್ಟು ಕದಡಿ ಹೊಸ್ತಿಲಿಂದ ಪಡಸಾಲೆಯವರೆಗೆ ಲಕ್ಷ್ಮಿಯ ಹೆಜ್ಜೆ, ಭತ್ತದ ತೆನೆ ಬರೆದಿದ್ದರು. ಪೂಜೆಯಲ್ಲಿ ಓದಿದ್ದು ಬಲರಾಮದಾಸನ ಲಕ್ಷ್ಮೀಪುರಾಣ. ಕಥೆಯನ್ನು ಮಾಉಸಿಯೇ ನನಗೆ ಹೇಳಿದರು. ಲಕ್ಷ್ಮಿ ಊರಾಚೆಯ ಶ್ರೀಯಾ ಎಂಬ ಚಂಡಾಲ ಹೆಂಗಸಿನ ಭಕ್ತಿಗೆ ಒಲಿದು ಅವಳ ಮನೆಗೆ ಹೋಗುತ್ತಾಳೆ. ಅದನ್ನು ಕಂಡು ಸಿಟ್ಟಾದ ಅಣ್ಣ ಬಲಭದ್ರ, ಇವಳನ್ನು ಹೊರಗೆ ಹಾಕು ಎಂದು ಜಗನ್ನಾಥನಿಗೆ ಅಪ್ಪಣೆ ಮಾಡುತ್ತಾನೆ. ಲಕ್ಷ್ಮಿ ಹೊರನಡೆದ ಮೇಲೆ ಗುಡಿಯ ಒಲೆ ಆರುತ್ತದೆ. ಅನ್ನಕ್ಕಾಗಿ ಬೀದಿ ಬೀದಿ ಅಲೆದ ಅಣ್ಣತಮ್ಮಂದಿರು ಕೊನೆಗೆ ಅವಳ ಮನೆಯ ಅನ್ನವನ್ನೇ ಉಣ್ಣುತ್ತಾರೆ. ಯಾರು ಯಾರ ಮನೆಯಲ್ಲಿ ಉಣ್ಣಬಾರದು ಎಂಬ ಕಟ್ಟಳೆಯನ್ನು ಲಕ್ಷ್ಮಿ ಮುರಿಸಿಯೇ ಒಳಗೆ ಬರುತ್ತಾಳೆ. ಬಲಭದ್ರ ಹಸಿದು ಸೋತ ಕಡೆ ಬಂದಾಗ ಮಾಉಸಿ ಮನಸಾರೆ ನಕ್ಕರು. ಅವರ ಊರ ದೊಡ್ಡ ದೇವರು ಬಲದೇವನೇ ಆದರೂ ಪಕ್ಷ ಮಾತ್ರ ಲಕ್ಷ್ಮಿಯದು.

ಬೆಂಗಳೂರಿಗೆ ಬಂದ ಮೇಲೆ ನನ್ನನ್ನು ಕಾಡುತ್ತಿರುವುದು ಇದು. ಪಂಚುಕದ ಐದು ದಿನ ಇಡೀ ಊರು ಮೀನು ಬಿಟ್ಟಿತು, ನಾನೂ ಜೊತೆಯಲ್ಲಿದ್ದೆ. ಅದರಲ್ಲಿ ದುಃಖವಿರಲಿಲ್ಲ. ಮಕ್ಕಳು ಮೊಟ್ಟೆ ಎಣಿಸುತ್ತಿದ್ದರು, ದೊಡ್ಡವರು ಸಂತೆಯ ಮಾತಾಡುತ್ತಿದ್ದರು. ಮುಗಿಯುವ ದಿನ ಗೊತ್ತಿದ್ದದ್ದರಿಂದಲೇ ಆ ಕಟ್ಟು ಸಿಹಿಯಾಗಿತ್ತು. ಮಾಉಸಿಯ ಹಬಿಷವೂ ಅವರೇ ಪ್ರೀತಿಯಿಂದ ಹಿಡಿದದ್ದು, ಚಂಡಮಾರುತಕ್ಕೂ ಬಗ್ಗದ್ದು. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಗಂಡನ ಸಾವು ಅವರ ಮೇಲೆ ಹೊರಿಸಿದ ವ್ರತಕ್ಕೆ ಮುಗಿಯುವ ದಿನವೇ ಇಲ್ಲ. ಊರಿಗೆಲ್ಲ ಬರುವ ಛಾಡಖಾಇ ಅವರೊಬ್ಬರಿಗೆ ಬಂದಿಲ್ಲ. ಆ ಕೈಗಳ ನೈಪುಣ್ಯವನ್ನು ಹೊಗಳುವುದು ಸುಲಭ. ಹೊಗಳಿಕೆ ಹೆಚ್ಚಾದಷ್ಟೂ ತಟ್ಟೆಯ ಮಾತು ಮರೆಯಾಗುತ್ತದೆ ಎಂದು ಈಗೀಗ ಅನಿಸುತ್ತಿದೆ.

ಚಳಿ ಮುಗಿಯುವ ಹೊತ್ತಿಗೆ ಹುಡುಗ ಕೆಲಸಕ್ಕೆಂದು ಮನೆಗೆ ಬಂದ. ಊಟಕ್ಕೆ ಕೂರಿಸಿ ಅವನ ಹೆಂಡತಿ ಹೇಳಿದ್ದನ್ನು ಹೇಳಿದೆ. ತಟ್ಟೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಬೋಉ ತಿನ್ನಲ್ಲ ಅಂತ ಚಿಕ್ಕವನಿದ್ದಾಗಿನಿಂದ ಗೊತ್ತು ಅಕ್ಕ, ಅಷ್ಟೇ. ನಿನಗೆ ಬೇಕಾ ಅಂತ ನಾನು ಯಾವತ್ತೂ ಕೇಳಿಲ್ಲ’ ಎಂದ. ಮುಂದಿನ ಕಾರ್ತಿಕಕ್ಕೆ ಹೋದಾಗ ತಾನೇ ಮೊದಲು ಅವರಿಗೆ ಬಡಿಸಿ ಕೇಳುತ್ತೇನೆ ಎಂದೂ ಹೇಳಿದ.

ಕೇಳಲಿ. ವ್ರತ ಹಿಡಿಯಲು ಕಲಿಸಿದ ಊರು ವ್ರತ ಬಿಡುವ ದಿನವನ್ನೂ ಗೊತ್ತುಮಾಡಿಟ್ಟಿದೆ. ಆ ದಿನದಲ್ಲಿ ಮಾಉಸಿಗೂ ಪಾಲಿದೆ. ಅಂದು ಅವರು ಮೊಟ್ಟೆ ಮುಟ್ಟಲಿ, ಬಾಳೆಕಾಯಿ ಬೆಸರವೇ ಸಾಕೆನ್ನಲಿ, ಅದು ಅವರಿಗೆ ಬಿಟ್ಟದ್ದು. ಬೇಡ ಎನ್ನುವ ಮಾತು ಮಾತ್ರ ಊರಿನ ಬಾಯಿಂದಲ್ಲ, ಅವರ ಬಾಯಿಂದಲೇ ಬರಬೇಕು.